ಬಾಯಿ ಕಟ್ಟಿ ಆಡಿದ ಫೈನಲ್

“ಲೇ ಸೌಮಿ, ಕಣ್ಣ ಮನೇಲಿ ಬುಟ್ಟು ಬಂದಿದ್ದೀಯಾ? ಎಡಕ್ಕೆ ಸಾಯೇ!”

ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯ ಹಳೆಯ ಗೋದಾಮೊಂದರ ಬಾಗಿಲಲ್ಲಿ ಸೂಟ್‌ಕೇಸು ಹಿಡಿದು ನಿಂತಾಗ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಒಳಗೆ ಮರದ ನೆಲ ಹಾಸಿದ ಬಾಸ್ಕೆಟ್‌ಬಾಲ್ ಅಂಕಣ. ಆರಡಿ ಎತ್ತರದ ಹುಡುಗಿಯೊಬ್ಬಳು ಬುಟ್ಟಿಯ ಕೆಳಗೆ ನಿಂತು, ತನಗಿಂತ ಒಂದು ಗೇಣು ಗಿಡ್ಡನೆಯ ಇನ್ನೊಬ್ಬಳ ಮೇಲೆ ಹರಿಹಾಯುತ್ತಿದ್ದಳು. ಗಿಡ್ಡನೆಯವಳೂ ಬಿಡಲಿಲ್ಲ. “ಮುಚ್ಚಮ್ಮಿ ಬಾಯ, ಓಯ್ತಾ ಇವ್ನಿ!” ಎಂದು ತಿರುಗಿ ಅರಚಿದಳು. ಕೈ ಕೈ ಮಿಲಾಯಿಸುವುದೊಂದೇ ಬಾಕಿ ಎಂದುಕೊಂಡು ಸೂಟ್‌ಕೇಸು ಅಲ್ಲೇ ಬಿಟ್ಟು ಓಡಿ ಇಬ್ಬರ ನಡುವೆ ನಿಂತೆ. ಸೀಟಿ ಊದಿದೆ. ಹನ್ನೆರಡು ಜನ ಆಟಗಾರ್ತಿಯರೂ ನನ್ನನ್ನೇ ನೋಡಿದರು.

“ಜಗಳ ನಿಲ್ಲಿಸಿ,” ಎಂದೆ.

“ಜಗ್ಳಾನಾ?” ಎತ್ತರದವಳು ಸುತ್ತ ನೋಡಿದಳು. “ಯಾರ್ ಆಡಿದ್ರು ಮೇಡಮ್ಮು?”

ಅವಳು ಮಂಜುಳಾ, ಮಳವಳ್ಳಿ ಕಡೆಯ ಹಳ್ಳಿಯವಳು. ಗಿಡ್ಡನೆಯವಳು ಸೌಮ್ಯ, ಶಿವನಸಮುದ್ರದ ಬಳಿಯ ಬ್ಲಫ್ ಎಂಬ ಊರಿನವಳು. ಅವಳ ಅಪ್ಪ ಅಲ್ಲಿನ ವಿದ್ಯುದಾಗಾರದಲ್ಲಿ ನೌಕರ. ಇಬ್ಬರೂ ಹೈಸ್ಕೂಲಿನಿಂದ ಒಟ್ಟಿಗೆ ಆಡುತ್ತಾ ಬಂದವರು, ಒಂದೇ ತಟ್ಟೆಯಲ್ಲಿ ಉಣ್ಣುವ ಗೆಳತಿಯರು. ನಾನು ಕೇಳಿದ್ದು ಜಗಳವಲ್ಲ, ಅದು ಅವರ ಆಟದ ಭಾಷೆ ಎಂದು ಅರ್ಥವಾಗಲು ನನಗೆ ಒಂದು ಇಡೀ ಋತು ಬೇಕಾಯಿತು. ಆ ವಿಳಂಬಕ್ಕೆ ನಾವು ತೆತ್ತದ್ದು ಚಾಂಪಿಯನ್‌ಶಿಪ್.

ಇದನ್ನು ಓದುವ ಧಾರವಾಡದ ನನ್ನ ಜನರೇ, ಫೈನಲ್ ಮುಗಿದ ಮೇಲೆ ನೀವು ಎಷ್ಟೋ ಜನ ಫೋನು ಮಾಡಿದಿರಿ. “ಅಷ್ಟು ಛಲೋ ಟೀಮ್ ಇದ್ದು ಹೆಂಗ ಸೋತ್ರಿ?” ಎಂದು ಕೇಳಿದಿರಿ. ಟಿವಿಯವರು ತಮ್ಮ ಉತ್ತರ ಕೊಟ್ಟಾಗಿದೆ: ಸಣ್ಣ ಊರಿನ ಹುಡುಗಿಯರು, ದೊಡ್ಡ ವೇದಿಕೆಯ ಒತ್ತಡ ತಾಳಲಿಲ್ಲ. ಆ ಮಾತು ಸುಳ್ಳು. ಸುಳ್ಳು ಎಂದು ನನಗೆ ಗೊತ್ತು, ಏಕೆಂದರೆ ಸೋಲಿಸಿದವಳು ನಾನು. ಅದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ.

ಧಾರವಾಡದ ಶಾಲೆಯೊಂದರಲ್ಲಿ ಹದಿನಾಲ್ಕು ವರ್ಷ ದೈಹಿಕ ಶಿಕ್ಷಣ ಕಲಿಸಿದವಳು ನಾನು. ಹೆಣ್ಣುಮಕ್ಕಳಿಗಾಗಿ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗು ಶುರುವಾದಾಗ ಮಂಡ್ಯದ ತಂಡಕ್ಕೆ ಕೋಚ್ ಆಗಿ ಕರೆ ಬಂತು. ತಂಡದ ಮಾಲೀಕರು ಗೆಜ್ಜಲಗೆರೆಯಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆ ನಡೆಸುವವರು. ಗೋದಾಮು ಖಾಲಿ ಮಾಡಿಸಿ ಅಂಕಣ ಕಟ್ಟಿಸಿದ್ದರು. ರಾಜ್ಯ ಒಂದೇ, ಭಾಷೆ ಒಂದೇ, ಇದನ್ನು ವಲಸೆ ಅಂತ ಯಾಕೆ ಕರೆಯಬೇಕು ಎಂದು ಬರುವಾಗ ನಾನೂ ನಕ್ಕಿದ್ದೆ.

ಮದ್ದೂರಿನಲ್ಲಿ ಮನೆ ಹುಡುಕಲು ಹೊರಟ ದಿನವೇ ನಗು ನಿಂತಿತು. ಮೂರನೆಯ ಮನೆಯ ಒಡತಿ ಜಯಮ್ಮ, ಅರವತ್ತು ದಾಟಿದ ಹೆಂಗಸು, ಬಾಗಿಲಲ್ಲೇ ನಿಲ್ಲಿಸಿ ಕೇಳಿದರು:

“ಒಬ್ಳೇನಾ? ಗಂಡ ಇಲ್ವಾ?”

“ಮದುವೆ ಆಗಿಲ್ರಿ.”

“ಯಾಕೆ? ಯಾರೂ ಒಪ್ನಿಲ್ವಾ, ನೀನೇ ಒಪ್ನಿಲ್ವಾ?”

ನನ್ನ ಕಿವಿ ಬಿಸಿಯಾಯಿತು. “ನಾನೇ ಒಪ್ಪಲಿಲ್ಲ,” ಎಂದೆ.

“ಸರಿ ಬುಡು. ಮೇಲ್ಗಡೆ ರೂಮದೆ. ನೀರು ಚೆನ್ನಾಗಿ ಬತ್ತದೆ. ಬಾ, ನೋಡ್ಕೊ.”

ಅಷ್ಟೇ. ನಮ್ಮ ಓಣಿಯಲ್ಲಿ ಇಪ್ಪತ್ತು ವರ್ಷ ನನಗೆ ಯಾರೂ ಈ ಪ್ರಶ್ನೆ ಕೇಳಿಲ್ಲ. ನಾನು ಬಾಗಿಲು ದಾಟಿದ ಮೇಲೆ ಮಾತ್ರ ತಮ್ಮತಮ್ಮಲ್ಲಿ ಕೇಳಿಕೊಂಡಿದ್ದಾರೆ. ಇಲ್ಲಿ ಬಾಗಿಲಲ್ಲೇ ಕೇಳಿದರು, ಉತ್ತರ ಪಡೆದರು, ಮತ್ತೆ ಎಂದೂ ಆ ಮಾತೆತ್ತಲಿಲ್ಲ. ಆ ದಿನ ಮಾತ್ರ ನನಗೆ ಸಿಟ್ಟು ಬಂದಿತ್ತು. ರೂಮು ಹಿಡಿಸಿತು ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಂಡೆ.

ಊಟದ ಕಥೆ ಬೇರೆ. ರೊಟ್ಟಿ ಹರಿದು, ಪಲ್ಯ ಹಿಡಿದು, ನಿಧಾನ ಅಗಿದು ತಿನ್ನುವವರು ನಾವು. ಇಲ್ಲಿ ರಾಗಿ ಮುದ್ದೆ. ಜೊತೆಗೆ ಉಪ್ಸಾರು, ಅಂದರೆ ಕಾಳು-ಸೊಪ್ಪು ಬೇಯಿಸಿದ ತೆಳು ಸಾರು, ಅದಕ್ಕೆ ಬೇರೆಯಾಗಿ ಅರೆದ ಖಾರ. ನಾನು ಮುದ್ದೆಯನ್ನು ಅಗಿಯುತ್ತಿದ್ದುದನ್ನು ಕಂಡು ಜಯಮ್ಮ ತಲೆ ಚಚ್ಚಿಕೊಂಡರು. “ನುಂಗವ್ವ ಸೈಲಮ್ಮ! ಮೇವು ಮೆಲುಕ್ದಂಗೆ ಮೆಲುಕ್ತಾ ಕುಂತವ್ಳೆ.” ಶೈಲಾ ಎಂಬ ನನ್ನ ಹೆಸರು ಅವರ ಬಾಯಲ್ಲಿ ಸೈಲಮ್ಮ. ನುಂಗಲು ಕಲಿಯುವುದಕ್ಕೆ ಎರಡು ತಿಂಗಳು ಹಿಡಿಯಿತು. ಕಲಿತ ದಿನ ಜಯಮ್ಮ ಪಕ್ಕದ ಮನೆಯವರನ್ನು ಕರೆದು ತೋರಿಸಿದರು.

ನೀರನ್ನೂ ಹೇಳಬೇಕು. ವಾರಕ್ಕೊಮ್ಮೆ ನಲ್ಲಿ ಬರುವ ದಿನ ಕೊಡ, ಬಕೇಟು, ಬೋಗುಣಿ ಎಲ್ಲ ತುಂಬಿಡುವ ಊರಿನಿಂದ ಬಂದವಳು ನಾನು. ಇಲ್ಲಿ ರಸ್ತೆಯ ಪಕ್ಕದಲ್ಲೇ ನಾಲೆ ತುಂಬಿ ಹರಿಯುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಮೊದಮೊದಲು ಬಸ್ಸಿನ ಕಿಟಕಿಯಿಂದ ಅದನ್ನು ನೋಡುವಾಗ ನನಗೆ ಒಂಥರ ಹೊಟ್ಟೆಕಿಚ್ಚಾಗುತ್ತಿತ್ತು. ಭಾನುವಾರ ಮಧ್ಯಾಹ್ನ ಮದ್ದೂರಿನ ಆ ಕೋಣೆಯಲ್ಲಿ ಕೂತು, ಅಕ್ಕನ ಮನೆಯಲ್ಲಿ ಈ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿರುತ್ತದೆ ಎಂದು ನೆನೆದು ಅತ್ತದ್ದೂ ಇದೆ.

ಆಟಕ್ಕೆ ಬರುತ್ತೇನೆ. ನಮ್ಮ ತಂಡದಂಥ ತಂಡ ಆ ಲೀಗಿನಲ್ಲಿ ಇನ್ನೊಂದಿರಲಿಲ್ಲ. ಸೌಮ್ಯಳ ಕೈಯಲ್ಲಿ ಚೆಂಡು ಇದ್ದರೆ ಕಸಿಯುವವರಿಲ್ಲ. ಕೇರಳದಿಂದ ಬಂದ ಜಿನ್ಸಿ ದೂರದಿಂದ ಎಸೆದರೆ ಬುಟ್ಟಿಯ ಬಲೆ ಮಾತ್ರ ಅಲುಗುತ್ತಿತ್ತು. ಎಲ್ಲರಿಗಿಂತ ಹಿಂದೆ ಮಂಜುಳಾ. ಬಾಸ್ಕೆಟ್‌ಬಾಲ್‌ನಲ್ಲಿ ಎದುರಾಳಿಯೊಬ್ಬಳು ಬಂದು ನಮ್ಮ ಆಟಗಾರ್ತಿಯ ದಾರಿಗೆ ಗೋಡೆಯಂತೆ ನಿಲ್ಲುತ್ತಾಳೆ. ಅದಕ್ಕೆ ಸ್ಕ್ರೀನ್ ಎನ್ನುತ್ತಾರೆ. ಚೆಂಡಿನ ಮೇಲೆ ಕಣ್ಣಿಟ್ಟವಳಿಗೆ ಪಕ್ಕದ ಗೋಡೆ ಕಾಣುವುದಿಲ್ಲ. ಹಿಂದೆ ನಿಂತವಳಿಗೆ ಕಾಣುತ್ತದೆ, ಅವಳು ಕೂಗಬೇಕು. ಹೊಲದ ಈ ಬದುವಿನಿಂದ ಆ ಬದುವಿಗೆ ಅಣ್ಣನನ್ನು ಕರೆದು ಬೆಳೆದ ಮಂಜುಳಾಳ ದನಿಗೆ ಆ ಗೋದಾಮಿನ ತಗಡೇ ನಡುಗುತ್ತಿತ್ತು. “ಎಡಕ್ಕೆ ಸಾಯಿ” ಎಂದರೆ ಎಡಕ್ಕೆ ಬೇಗ ಸರಿ ಎಂದಷ್ಟೇ. ಕನ್ನಡ ಬಾರದ ಜಿನ್ಸಿಯೂ ಆ ಕೂಗಿನಿಂದಲೇ ಕನ್ನಡ ಕಲಿತಳು. ಮದ್ದೂರಿನ ತರಕಾರಿ ಅಂಗಡಿಯಲ್ಲಿ “ಟೊಮೇಟೊ ಬೇಗ ಕೊಟ್ಟು ಸಾಯಿ” ಎಂದಳಂತೆ. ಅಂಗಡಿಯವನು ನಕ್ಕು ಒಂದು ಕಟ್ಟು ಕೊತ್ತಂಬರಿ ಹಾಗೇ ಕೊಟ್ಟನಂತೆ.

ಗೆಲ್ಲುತ್ತಾ ಹೋದೆವು. ಪಾಳಿ ಬಿಟ್ಟ ಕಾರ್ಮಿಕರು ಬೈಕು ನಿಲ್ಲಿಸಿ ಅಭ್ಯಾಸ ನೋಡಿ ಹೋಗುತ್ತಿದ್ದರು. ಆದರೂ ನನ್ನ ಮನಸ್ಸಿನೊಳಗೆ ಒಂದು ಮುಳ್ಳಿತ್ತು: ಹೆಣ್ಣುಮಕ್ಕಳು ಹೀಗೆ ಮಾತಾಡಬಾರದು. ಬೈಯುವಾಗಲೂ ‘ರೀ’ ಹಚ್ಚಿ ಬೈಯುವ ಊರಿನವಳಲ್ಲವೇ ನಾನು.

ಸೆಮಿಫೈನಲ್‌ಗೆ ಹತ್ತು ದಿನ ಇರುವಾಗ ಒಂದು ವಿಡಿಯೊ ತುಣುಕು ಹರಿದಾಡಿತು. ಟಿವಿಯ ಮೈಕು ಮಂಜುಳಾಳ ಕೂಗನ್ನು ಹಿಡಿದಿತ್ತು. ಯಾರೋ ಅದನ್ನು ಕತ್ತರಿಸಿ, ನಗುವ ಸದ್ದು ಸೇರಿಸಿ, ಫೋನಿನಿಂದ ಫೋನಿಗೆ ಕಳಿಸಿದರು. ಲೀಗಿನಿಂದ ಮಾಲೀಕರಿಗೆ ಪತ್ರ ಬಂತು: ಪ್ರಸಾರಕ್ಕೆ ತಕ್ಕುದಲ್ಲದ ಭಾಷೆ ಮತ್ತೆ ಕೇಳಿಸಿದರೆ ತಾಂತ್ರಿಕ ತಪ್ಪು ಕೊಡಲಾಗುವುದು, ಅಂದರೆ ಎದುರಾಳಿಗೆ ಅಡ್ಡಿಯಿಲ್ಲದ ಒಂದು ಎಸೆತ.

ಮಾಲೀಕರು ಪತ್ರವನ್ನು ನನ್ನ ಮುಂದಿಟ್ಟರು. “ಮೇಡಮ್, ನಂಗೇನೂ ಬೇಜಾರಿಲ್ಲ. ನಮ್ಮವ್ವ ಮಾತಾಡೋದೂ ಹಿಂಗೇಯ. ಆದ್ರೆ ಅವ್ರು ಒಪ್ಪಕ್ಕಿಲ್ಲ ಅಂತಾವ್ರೆ. ಏನ್ ಮಾಡಣ?”

ಅವರು ಕೇಳಿದ್ದು ಪ್ರಶ್ನೆ. ಹೋರಾಡೋಣ ಎಂದಿದ್ದರೆ ಆ ಮನುಷ್ಯ ನನ್ನ ಹಿಂದೆ ನಿಲ್ಲುತ್ತಿದ್ದರು, ಈಗ ಅದು ನನಗೆ ಗೊತ್ತು. ನಾನು ಹೇಳಿದ್ದು, “ಅವರಂದದ್ದರಲ್ಲಿ ತಪ್ಪೇನಿದೆ ಸರ್? ನಾನು ತಿದ್ದುತ್ತೇನೆ.”

ಮರುದಿನ ಬೆಳಿಗ್ಗೆ ಗೋಡೆಗೆ ಒಂದು ಹಾಳೆ ಅಂಟಿಸಿದೆ. ಅಂಕಣದಲ್ಲಿ ‘ಲೇ’ ಇಲ್ಲ, ‘ಅಮ್ಮಿ’ ಇಲ್ಲ, ‘ಸಾಯಿ’ ಇಲ್ಲ. ಹೆಸರು ಹಿಡಿದು, ಇಂಗ್ಲಿಷಿನ ಏಳು ಕರೆಗಳು ಮಾತ್ರ: ಸ್ಕ್ರೀನ್ ಲೆಫ್ಟ್, ಸ್ಕ್ರೀನ್ ರೈಟ್, ಸ್ವಿಚ್, ಹೀಗೆ. ಮಂಜುಳಾ ಹಾಳೆಯ ಮುಂದೆ ಬಹಳ ಹೊತ್ತು ನಿಂತಳು.

“ಬಾಯಿಗೆ ತಕ್ಷಣ ಬರಕ್ಕಿಲ್ಲ ಮೇಡಮ್ಮು,” ಎಂದಳು.

“ರೂಢಿ ಮಾಡಿಕೊಂಡರೆ ಬರುತ್ತದೆ. ನಾಲ್ಕು ಜನ ನೋಡುವ ಕಡೆ ಗಲೀಜು ಮಾತು ಬೇಡ.”

ಅವಳು ನನ್ನ ಮುಖ ನೋಡಿ ಅಂಕಣಕ್ಕೆ ಇಳಿದಳು. ಆಟ ಶುರುವಾಯಿತು. ಆ ದಿನದಿಂದ ಗೋದಾಮಿನಲ್ಲಿ ಶೂಗಳು ಕಿರುಗುಟ್ಟುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಶಿಸ್ತು ಬಂತು ಎಂದು ನಾನು ಹಿಗ್ಗಿದೆ.

ಸೆಮಿಫೈನಲ್‌ನಲ್ಲಿ ಎದುರಾಳಿ ತಂಡದ ಇಬ್ಬರು ಒಳ್ಳೆಯ ಆಟಗಾರ್ತಿಯರು ಗಾಯಗೊಂಡು ಹೊರಗಿದ್ದರು. ಸುಲಭವಾಗಿ ಗೆದ್ದೆವು. ಮನೆಗೆ ಬಂದಾಗ ಜಯಮ್ಮ ಟಿವಿ ಆರಿಸಿ, “ಗೆದ್ರಿ, ಸರಿ. ಮನೇಲಿ ಸಾವಾಗದೇನೋ ಅನ್ನಂಗೆ ಆಡ್ತಿದ್ರಲ್ಲವ್ವ, ಯಾಕೆ?” ಎಂದರು. ಆಟ ತಿಳಿಯದ ಮುದುಕಿ ಎಂದು ಉತ್ತರ ಕೊಡದೆ ಮೆಟ್ಟಿಲು ಹತ್ತಿದೆ.

ಫೈನಲ್ ಬೆಂಗಳೂರಿನಲ್ಲಿ. ಮಂಡ್ಯದಿಂದ ನಾಲ್ಕು ಬಸ್ಸು ತುಂಬಾ ಜನ ಬಂದಿದ್ದರು. ಮೊದಲಾರ್ಧದಲ್ಲಿ ನಾವು ಹದಿಮೂರು ಅಂಕ ಮುಂದಿದ್ದೆವು. ಒತ್ತಡ ತಾಳದ ತಂಡ ಹೀಗೆ ಮುಂದಿರುತ್ತದೆಯೇ? ಆದರೆ ಎದುರಾಳಿಯ ಕೋಚ್ ಜಾಣ. ನಮ್ಮ ಹುಡುಗಿಯರು ಒಬ್ಬರಿಗೊಬ್ಬರು ಮಾತಾಡುತ್ತಿಲ್ಲ ಎಂಬುದನ್ನು ಅರ್ಧ ಆಟ ನೋಡಿಯೇ ಗುರುತಿಸಿದ. ಎರಡನೆಯ ಅರ್ಧದಲ್ಲಿ ಅವರು ಸ್ಕ್ರೀನ್ ಮೇಲೆ ಸ್ಕ್ರೀನ್ ಹಾಕಿದರು. ಸೌಮ್ಯ ಗೋಡೆಗೆ ಹೋಗಿ ಹೋಗಿ ಬಡಿದಳು. ಪ್ರತಿ ಸಲವೂ ಮಂಜುಳಾಳ ಬಾಯಿ ತೆರೆಯುವುದು, ಒಂದು ಕ್ಷಣ ನಿಲ್ಲುವುದು, ಆಮೇಲೆ “ಸ್ಕ್ರೀನ್... ರೈಟ್” ಎಂದು ಸಣ್ಣ ದನಿ. ಅಷ್ಟರಲ್ಲಿ ಚೆಂಡು ಬುಟ್ಟಿಯೊಳಗೆ.

ಕೊನೆಯ ಭಾಗಕ್ಕೆ ಮುಂಚೆ ವಿರಾಮವಿತ್ತು. ಹುಡುಗಿಯರು ನನ್ನ ಸುತ್ತ ನಿಂತಿದ್ದರು. ಸೌಮ್ಯ ಭುಜ ಉಜ್ಜಿಕೊಳ್ಳುತ್ತಾ, “ಮೇಡಮ್ಮು, ನಮ್ ಥರಾನೇ ಕೂಗ್ಕೊತೀವಿ. ಒಂದ್ ಎಸ್ತ ಅವ್ರಿಗೆ ಓದ್ರೆ ಓಯ್ತದೆ,” ಎಂದಳು. ಒಂದು ‘ಹೂಂ’ ಸಾಕಿತ್ತು. ನಾನು ಆಚೆ ನೋಡಿದೆ. ಮೇಜಿನ ಹಿಂದೆ ಲೀಗಿನ ಅಧಿಕಾರಿಗಳು ಕೂತಿದ್ದರು, ಟಿವಿಯ ಉದ್ದನೆಯ ಮೈಕು ನಮ್ಮ ಕಡೆಗೇ ತಿರುಗಿತ್ತು. “ಇನ್ನು ಹತ್ತೇ ನಿಮಿಷ, ಹೀಗೇ ಆಡಿ,” ಎಂದೆ.

ಹನ್ನೊಂದು ಸೆಕೆಂಡು ಉಳಿದಾಗ ನಾವು ಒಂದು ಅಂಕ ಮುಂದಿದ್ದೆವು. ಚೆಂಡು ಅವರ ಕೈಯಲ್ಲಿ. ಅವರ ಮುಂದಾಳು ಎಡಗಡೆಯಿಂದ ಬಂದು ಸೌಮ್ಯಳ ಪಕ್ಕ ನಿಂತಳು. ನನಗೆ ಕಂಡಿತು, ಮಂಜುಳಾಗೂ ಕಂಡಿತು. ಅವಳ ಬಾಯಿ ತೆರೆಯಿತು. ದನಿ ಬರಲಿಲ್ಲ. ಸೌಮ್ಯ ಹೋಗಿ ಬಡಿದಳು, ಎದುರಾಳಿ ನಿರಾಯಾಸವಾಗಿ ಎಸೆದಳು. ಒಂದು ಅಂಕದಿಂದ ಸೋತೆವು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಸೌಮ್ಯ ನೆಲದ ಮೇಲೆ ಕೂತು ಮೆಲ್ಲಗೆ ಕೇಳಿದಳು. “ಯಾಕಮ್ಮಿ ಕೂಗ್ನಿಲ್ಲ?”

ಮಂಜುಳಾ ಗೋಡೆಗೆ ಒರಗಿದ್ದಳು. “ಅವ್ಳು ನನ್ ಎಡಕ್ಕಿದ್ಲು ಕಣೆ. ಎಡ ಅಂದ್ರೆ ಲೆಫ್ಟಾ ರೈಟಾ ಅಂತ ಯೋಚ್ನೆ ಮಾಡ್ತಿದ್ದೆ. ಅಷ್ಟರಲ್ಲಿ ಓಯ್ತು.”

ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಆ ಸಂಜೆಯೇ ಪತ್ರಕರ್ತರಿಗೆ ಹೇಳಿದೆ: ಒತ್ತಡವಲ್ಲ, ಅವರ ಬಾಯಿಗೆ ಬೀಗ ಹಾಕಿದ್ದು ನಾನು. ಒಬ್ಬರೂ ಅದನ್ನು ಬರೆಯಲಿಲ್ಲ. ಕೋಚ್ ತನ್ನ ಹುಡುಗಿಯರನ್ನು ಕಾಪಾಡಲು ಹೇಳುತ್ತಿದ್ದಾಳೆ ಎಂದುಕೊಂಡರೋ ಏನೋ. ಮದ್ದೂರಿಗೆ ಹಿಂದಿರುಗಿ, ಜಯಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ.

“ಇಲ್ಲೇ ಸಿವಪುರದಲ್ಲಿ, ಸ್ವತಂತ್ರ ಬರಕ್ ಮುಂಚೆ, ಸರ್ಕಾರ ಬಾವುಟ ಆರಿಸ್ಬ್ಯಾಡಿ ಅಂದ್ರೂ ಆರಿಸ್ದೋರು ನಮ್ಮೋರು. ನೀನು ಬಾಯ್ ಬುಡಬ್ಯಾಡಿ ಅಂದೆ, ಈ ಮುಂಡೇವು ಕೇಳ್ಬುಟ್ವಲ್ಲ! ನಿನ್ ಮೇಲೆ ಅದೆಷ್ಟು ಗೌರವ ಮಡಿಕಂಡಿರ್ಬೇಕು, ಯೋಚ್ನೆ ಮಾಡು.”

ಆ ಮಾತು ನನ್ನನ್ನು ಮಲಗಗೊಡಲಿಲ್ಲ. ಮರುದಿನ ಮಳವಳ್ಳಿ ಬಸ್ಸು ಹತ್ತಿ ಮಂಜುಳಾಳ ಊರಿಗೆ ಹೋದೆ. ಅವಳು ರೇಷ್ಮೆ ಹುಳುವಿನ ಮನೆಯಲ್ಲಿ ತಟ್ಟೆಗಳ ಮೇಲೆ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ. ಸಾವಿರಾರು ಹುಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು.

“ತಪ್ಪು ನನ್ನದು ಮಂಜುಳಾ,” ಎಂದೆ.

“ಸೋತದ್ಕೆ ಬೇಜಾರಿಲ್ಲ ಬುಡಿ. ನೀವು ಬೈದಿದ್ರೂ ಬೇಜಾರಿರ್ನಿಲ್ಲ. ನನ್ ಮಾತ್ನ ಗಲೀಜು ಅಂದ್ರಲ್ಲ ಮೇಡಮ್ಮು. ನಮ್ಮವ್ವಂದೂ ಅದೇ ಮಾತು, ನಮ್ಮಜ್ಜೀದೂ ಅದೇ ಮಾತು.”

ನನಗೆ ಕೂರಲು ಜಾಗವಿರಲಿಲ್ಲ. ಬಾಗಿಲ ಹೊಸ್ತಿಲ ಮೇಲೆ ಕೂತೆ. ಯಾರಿಗೂ ಹೇಳದ ಒಂದು ಸಂಗತಿಯನ್ನು ಅವಳಿಗೆ ಹೇಳಿದೆ. ಹದಿನೇಳನೆಯ ವಯಸ್ಸಿನಲ್ಲಿ ರಾಜ್ಯ ತಂಡದ ಶಿಬಿರಕ್ಕೆಂದು ಬೆಂಗಳೂರಿಗೆ ಹೋಗಿದ್ದೆ. ‘ಹೊಂಟೀನಿ, ಬರಾಕತ್ತೀನಿ’ ಎಂದು ನಾನು ಬಾಯಿಬಿಟ್ಟರೆ ಇಡೀ ಕೋಣೆ ಅಣಕಿಸಿ ನಗುತ್ತಿತ್ತು. ಮೂರನೆಯ ದಿನದಿಂದ ಮಾತು ನಿಲ್ಲಿಸಿದೆ. ಕೊನೆಗೆ ತಂಡ ಆರಿಸುವಾಗ ಕೋಚ್ ಹೇಳಿದರು: ಆಟ ಚೆನ್ನಾಗಿದೆ, ಆದರೆ ಅಂಕಣದಲ್ಲಿ ಮಾತೇ ಆಡುವುದಿಲ್ಲ, ಬೇಡ. “ಅದನ್ನ ಉಂಡಾಕಿ ನಾನು. ಗೊತ್ತಿದ್ದೂ ನಿನಗ ಅದನ್ನೇ ಉಣಿಸಿದೆ,” ಎಂದೆ. ನನ್ನ ಮಾತು ತಾನಾಗಿ ಧಾರವಾಡಕ್ಕೆ ತಿರುಗಿತ್ತು.

ಮಂಜುಳಾ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು. ಗೋಡೆಗೆ ಹಾಳೆ ಅಂಟಿಸಿದ ಮೇಲೆ ಮೊದಲ ಸಲ ನಕ್ಕಳು. “ಇದಾ ನಿಮ್ ಮಾತು? ಎಷ್ಟ್ ಚೆಂದಾಗದೆ! ಇಷ್ಟ್ ದಿನ ಪುಸ್ತಕ ಓದ್ದಂಗೆ ಮಾತಾಡ್ತಿದ್ರಿ. ನೀವೂ ಬಾಯ್ ಕಟ್ಕೊಂಡೇ ಇದ್ರಾ?”

ಹೌದೆಂದು ತಲೆಯಾಡಿಸಿದೆ.

“ಬತ್ತೀನಿ ಮೇಡಮ್ಮು,” ಎಂದಳು, “ಮುಂದಿನ ಸಲಾನೂ ಆಡಕ್ಕೆ. ಆದ್ರೆ ಒಂದು. ನೀವೂ ಬೆಂಚಿನಿಂದ ನಿಮ್ ಮಾತಲ್ಲೇ ಕೂಗ್ಬೇಕು.”

ಗೋಡೆಯ ಹಾಳೆಯನ್ನು ಅದೇ ವಾರ ಕಿತ್ತೆ. ಲೀಗಿಗೆ ಪತ್ರ ಬರೆದೆ: ಯಾರನ್ನಾದರೂ ಅವಮಾನಿಸುವ ಬೈಗುಳಕ್ಕೆ ಶಿಕ್ಷೆ ಕೊಡಿ, ಒಂದು ಊರು ಮಾತಾಡುವ ರೀತಿಗೆ ಕೊಡಬೇಡಿ. ಉತ್ತರ ಬರಲಿಲ್ಲ. ನಮ್ಮ ತಂಡ ತನ್ನ ಮಾತಿನಲ್ಲೇ ಆಡುತ್ತದೆ ಎಂದು ಹೊಸ ಋತುವಿನ ಒಪ್ಪಂದದಲ್ಲಿ ಬರೆಯುವವರೆಗೆ ಸಹಿ ಹಾಕುವುದಿಲ್ಲ ಎಂದು ಮಾಲೀಕರಿಗೆ ಹೇಳಿದೆ. ಅವರು ಪೆನ್ನು ತೆಗೆದು ತಾವೇ ಕೈಬರಹದಲ್ಲಿ ಬರೆದರು. “ಇದ್ನ ಆವತ್ತೇ ಹೇಳ್ಬಾರ್ದಿತ್ತಾ ಮೇಡಮ್?” ಎಂದರು.

ನಡುವೆ ಧಾರವಾಡಕ್ಕೆ ಬಂದಿದ್ದೆ. ಹಳೆಯ ಶಾಲೆಯವರು ಕೆಲಸ ಇನ್ನೂ ಖಾಲಿ ಇದೆ ಎಂದರು. ಅಕ್ಕ ಬಿಸಿ ರೊಟ್ಟಿ ಬಡಿಸುತ್ತಾ, “ಸೋತು ಬಂದೀ, ಇನ್ನಾದ್ರೂ ಮನೀ ಕಡೆ ನೋಡು. ಅವರ ಬಾಯಿ ಬಡಕತನ ನಮಗ್ಯಾಕ?” ಎಂದಳು. “ಬಾಯಿ ಬಡಕತನ ಅನಬ್ಯಾಡ,” ಎಂದೆ, ಬೇಕಾದದ್ದಕ್ಕಿಂತ ಜೋರಾಗಿ. ಅವಳು ಕೈ ತಡೆದು ನೋಡಿದಳು. ಮಂಡ್ಯದಲ್ಲಿ ಅದು ಜೋರು ದನಿಯೇ ಅಲ್ಲ. ಧಾರವಾಡದ ಆ ಅಡುಗೆಮನೆಯಲ್ಲಿ ಅಕ್ಕನ ಕಣ್ಣು ತುಂಬಲು ಅಷ್ಟೇ ಸಾಕಾಯಿತು. ಅವಳ ಕೈ ಹಿಡಿದು ಕೂತೆ. ನಾಲ್ಕನೆಯ ದಿನ ರೈಲು ಹತ್ತಿದೆ.

ಕಳೆದ ವಾರ ಹೊಸ ಋತುವಿನ ಮೊದಲ ಆಟ. ಶುರುವಾಗಿ ಐದು ನಿಮಿಷಕ್ಕೆ ಮಂಜುಳಾ ಅರಚಿದಳು: “ಲೇ ಸೌಮಿ, ಬಲಕ್ಕೆ ಸಾಯೇ, ಗೂಟ ನಿಂತದೆ!” ಸೌಮ್ಯ ಗೂಟದಂತೆ ನಿಂತಿದ್ದ ಎದುರಾಳಿಯನ್ನು ತಪ್ಪಿಸಿ ಬಲಕ್ಕೆ ಜಾರಿ ಚೆಂಡು ಕಸಿದಳು. ರೆಫರಿ ಆಟ ನಿಲ್ಲಿಸಿ ನನ್ನ ಬಳಿ ಬಂದು ಎಚ್ಚರಿಕೆ ಕೊಟ್ಟರು. ನಾನು ಎದ್ದು ನಿಂತೆ.

“ಬೈಗುಳ ಯಾವುದೈತಿ ತೋರಸ್ರಿ. ಗೆಳತಿ ಗೆಳತಿಗೆ ದಾರಿ ಹೇಳಾಕತ್ತಾಳ. ಅದು ಕನ್ನಡ ಐತ್ರಿ.”

ವಾದ ಬೆಳೆಯಿತು. ತಾಂತ್ರಿಕ ತಪ್ಪು ಮಂಜುಳಾಗೆ ಬೀಳಲಿಲ್ಲ, ನನಗೆ ಬಿತ್ತು. ಎದುರಾಳಿ ಆ ಒಂದು ಎಸೆತವನ್ನು ಬುಟ್ಟಿಗೆ ಹಾಕಿದಳು. ಬೆಂಚಿನಲ್ಲಿದ್ದ ಜಿನ್ಸಿ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದಳು.

ಆಟ ಮತ್ತೆ ಶುರುವಾಗುವ ಮುನ್ನ ರೆಫರಿ ನನ್ನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, ಬೆಳಗಾವಿ ಕಡೆಯ ಮಾತಿನಲ್ಲಿ ಕೇಳಿದರು: “ನೀವು ನಮ್ಮ ಕಡೇವ್ರ ಅದೀರಿ ಮೇಡಮ್. ಇವರ ಪರ ಇಷ್ಟ್ಯಾಕ ಜಗಳಾಡ್ತೀರಿ?”

ಬಾಯಿ ತೆರೆದೆ. ‘ನಮ್ಮ ಕಡೆ’ ಎಂದರೆ ಯಾವುದು ಎಂದು ನನಗೇ ಆ ಕ್ಷಣ ತೋಚಲಿಲ್ಲ. ಅಕ್ಕನ ಅಡುಗೆಮನೆಯೂ ನನ್ನದೇ, ಜಯಮ್ಮನ ಮೇಲಿನ ಕೋಣೆಯೂ ನನ್ನದೇ. ಒಂದರ ಸಲುವಾಗಿ ಇನ್ನೊಂದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ಅಷ್ಟು ಹೇಳುವುದಕ್ಕೆ ಆಗ ಹೊತ್ತಿರಲಿಲ್ಲ. ಆಟ ಶುರುವಾಗಿತ್ತು. ಮಂಜುಳಾಗೆ ಕಾಣದ ಮೂಲೆಯಿಂದ ಒಬ್ಬಳು ನುಗ್ಗುತ್ತಿದ್ದುದು ನನಗೆ ಕಂಡಿತು, ಗಂಟಲು ಹರಿಯುವಂತೆ ಕೂಗಿದೆ:

“ಮಂಜೀ, ಹಿಂದ ನೋಡಲೇ!”

ಯಾವ ಊರಿನ ಮಾತು ಅದು ಎಂದು ನೀವೇ ಹೇಳಿ. ಮಂಜುಳಾ ತಿರುಗಿ ನೋಡಿದಳು.